ಹಳೆಯ ಯುನಿಕ್ಸ್ ಯಂತ್ರಗಳ ಜೋಡಣೆ: ಕೇಬಲ್ಲಾ, ಮೋಡೆಮ್ಮಾ, ಈಥರ್‌ನೆಟ್ಟಾ?

ಮೇಜಿನ ಮೇಲೆ ಎರಡು ಹಳೆಯ ಯುನಿಕ್ಸ್ ಯಂತ್ರಗಳಿವೆ. ಅಥವಾ ಒಂದು ನಿಜವಾದ ಯಂತ್ರ, ಇನ್ನೊಂದು ಎಮ್ಯುಲೇಟರ್ (ಹಳೆಯ ಯಂತ್ರದ ವೇಷ ಹಾಕುವ ಪ್ರೋಗ್ರಾಂ) ಒಳಗೆ ಓಡುತ್ತಿರುವ ಪಿಡಿಪಿ-11 ಎಂಬ ಹಳೆಯ ಮಿನಿ ಕಂಪ್ಯೂಟರ್. ಎರಡೂ ಬೂಟ್ ಆಗುತ್ತವೆ, ಎರಡರಲ್ಲೂ ಲಾಗಿನ್ ಆಗುತ್ತದೆ. ಇನ್ನು ಇವೆರಡನ್ನು ಮಾತಾಡಿಸುವುದು ಹೇಗೆ? ಕೇಳಿ ನೋಡಿ, ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಒಬ್ಬರಿಗೆ ಫೈಲು, ಮೇಲ್ ಕೂಡಿಟ್ಟು ಆಮೇಲೆ ಕರೆ ಮಾಡಿ ಸಾಗಿಸುವ ಯುಯುಸಿಪಿಯೇ ಸರಿ, ಇನ್ನೊಬ್ಬರಿಗೆ ಸೀರಿಯಲ್ ಕೇಬಲ್ಲಿನ ಮೇಲೆ ಇಂಟರ್ನೆಟ್ ಪ್ಯಾಕೆಟ್ ಓಡಿಸುವ ಸ್ಲಿಪ್ ಬಿಟ್ಟರೆ ಬೇರೆ ಗತಿಯಿಲ್ಲ. ಮತ್ತೊಬ್ಬರು "ಸುಮ್ನೆ ಒಂದು ಈಥರ್‌ನೆಟ್ ಕಾರ್ಡ್ ಹುಡುಕಿ" ಅಂದು ಕೈ ತೊಳೆದುಕೊಳ್ಳುತ್ತಾರೆ.

ಯಾರೂ ಸುಳ್ಳು ಹೇಳುತ್ತಿಲ್ಲ. ಅವರವರ ಕೆಲಸಕ್ಕೆ ಒಗ್ಗಿದ್ದನ್ನು ಅವರು ಹೇಳುತ್ತಿದ್ದಾರೆ ಅಷ್ಟೆ. ನಿಮ್ಮ ಕೆಲಸ ಏನು ಅನ್ನುವುದನ್ನು ನೀವೇ ನೋಡಿಕೊಳ್ಳಬೇಕು.

ಮೊದಲು ಕೇಳಿಕೊಳ್ಳಬೇಕಾದ್ದು

ಮೊದಲನೆಯದು ನಿಮ್ಮ ಯುನಿಕ್ಸ್‌ನ ವಯಸ್ಸು. 1979ರ ವರ್ಷನ್ 7ರಲ್ಲಿ ಸಿಯು (ಇನ್ನೊಂದು ಯಂತ್ರಕ್ಕೆ ಲಾಗಿನ್ ಆಗುವ ಪ್ರೋಗ್ರಾಂ) ಇದೆ, ಯುಯುಸಿಪಿ ಇದೆ, ಇಂಟರ್ನೆಟ್ಟಿನ ಭಾಷೆಯಾದ ಟಿಸಿಪಿ/ಐಪಿ ಇಲ್ಲ. ಅದರಲ್ಲಿ ಸ್ಲಿಪ್ ಬೇಕೇ ಬೇಕು ಅಂತ ಹಠ ಹಿಡಿದರೆ ಕರ್ನಲ್ಲಿಗೇ ಕೈ ಹಾಕಬೇಕಾಗುತ್ತದೆ. 1983ರ ಆಗಸ್ಟಿನಲ್ಲಿ ಬಂದ 4.2 ಬಿಎಸ್‌ಡಿಯಿಂದ (ಬರ್ಕ್ಲಿ ವಿಶ್ವವಿದ್ಯಾಲಯದ ಯುನಿಕ್ಸ್) ಈಚೆಗೆ ನೆಟ್‌ವರ್ಕ್ ಒಳಗೇ ಇರುತ್ತದೆ. ಪಿಡಿಪಿ-11 ಇಟ್ಟುಕೊಂಡವರಿಗೆ 2.11 ಬಿಎಸ್‌ಡಿಯಲ್ಲಿ ಆ ಭಾಗ್ಯ ಸಿಗುತ್ತದೆ. ಎಟಿ&ಟಿಯ ಸಿಸ್ಟಂ ವಿ ಯುನಿಕ್ಸ್ ಬಳಗದಲ್ಲಿ ಮಾತ್ರ ಸ್ವಲ್ಪ ಹುಷಾರು. ಅಲ್ಲಿ ಟಿಸಿಪಿ/ಐಪಿಯನ್ನು ಎಷ್ಟೋ ಸಲ ಬೇರೆ ಪ್ಯಾಕೇಜಾಗಿ ಮಾರುತ್ತಿದ್ದರು. ಆ ಫ್ಲಾಪಿಗಳು ನಿಮ್ಮ ಯಂತ್ರದ ಜೊತೆ ಬಂದಿವೆಯಾ ನೋಡಿ.

ಎರಡನೆಯದು ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ. ನಿಮ್ಮ ಕೆಲಸ ಕಾಯುತ್ತದೆಯಾ? ಫೈಲ್ ರಾತ್ರಿ ಹೋದರೂ ನಡೆಯುತ್ತೆ, ಮೇಲ್ ಒಂದು ಗಂಟೆ ತಡವಾದರೂ ಪರವಾಗಿಲ್ಲ ಅನ್ನುವವರ ದಾರಿ ಒಂದು. ಕೀಲಿ ಒತ್ತಿದ ಕೂಡಲೇ ಆ ಕಡೆಯಿಂದ ಉತ್ತರ ಬರಬೇಕು ಅನ್ನುವವರ ದಾರಿಯೇ ಬೇರೆ. ಹೆಚ್ಚಿನವರು ಇದನ್ನು ಯೋಚಿಸದೆ ನೇರವಾಗಿ ವೇಗದ ಲೆಕ್ಕಕ್ಕೆ ಇಳಿಯುತ್ತಾರೆ.

ಮೂರನೆಯದು ನಡುವಿನ ದಾರಿ. ಎರಡೂ ಒಂದೇ ಕೋಣೆಯಲ್ಲಿವೆಯಾ, ನಡುವೆ ಫೋನ್ ಲೈನ್ ಇದೆಯಾ? ಆ ದಾರಿಯಲ್ಲಿ ಎಂಟೂ ಬಿಟ್ ಹಾಗೇ ದಾಟುತ್ತವೆಯಾ, ಇಲ್ಲ ಎಲ್ಲೋ ಒಂದು ಕಡೆ ಎಂಟನೇ ಬಿಟ್ ಪ್ಯಾರಿಟಿಗೆ (ತಪ್ಪು ಹಿಡಿಯಲು ಮೀಸಲಿಟ್ಟ ಬಿಟ್) ಬಲಿಯಾಗುತ್ತಾ? ಕೊನೆಯದು ಖರ್ಚು. ಸೀರಿಯಲ್ ಕೇಬಲ್ ಚಿಲ್ಲರೆ ಕಾಸಿನ ಮಾತು. ಒಂದು ಜೊತೆ ಮೋಡೆಮ್ ಅದಕ್ಕಿಂತ ಜಾಸ್ತಿ. ಹಳೆಯ ಯಂತ್ರಕ್ಕೆ ಹೊಂದುವ ಈಥರ್‌ನೆಟ್ ಬೋರ್ಡು, ಅದನ್ನು ಕೇಬಲ್ಲಿಗೆ ಸೇರಿಸುವ ಟ್ರಾನ್ಸೀವರ್ ಎರಡನ್ನೂ ಹುಡುಕಲು ಹೊರಟರೆ ದುಡ್ಡಿಗಿಂತ ಮುಂಚೆ ತಾಳ್ಮೆ ಖಾಲಿಯಾಗುತ್ತದೆ.

ಕೇಬಲ್ಲಿನ ವಿಚಾರ

ಈಥರ್‌ನೆಟ್ ಬಿಟ್ಟು ಉಳಿದ ಎಲ್ಲ ದಾರಿಗೂ ಸೀರಿಯಲ್ ಪೋರ್ಟೇ ಬಾಗಿಲು. ಎರಡು ಕಂಪ್ಯೂಟರುಗಳನ್ನು ನೇರವಾಗಿ ಜೋಡಿಸಲು ನಲ್ ಮೋಡೆಮ್ ಕೇಬಲ್ ಬೇಕು. ಮಾಮೂಲಿ ಕೇಬಲ್ ಹಾಕಿದರೆ ಬಾಯಿಗೆ ಬಾಯಿ, ಕಿವಿಗೆ ಕಿವಿ ಸೇರಿಸಿದ ಹಾಗಾಗುತ್ತದೆ. 25 ಪಿನ್ನಿನ ಕನೆಕ್ಟರಿನಲ್ಲಿ 2 ಮತ್ತು 3ನ್ನು ಅಡ್ಡ ಹಾಕಬೇಕು, 7ನ್ನು 7ಕ್ಕೇ ಕೊಡಬೇಕು. ಮೂರು ತಂತಿಯಲ್ಲಿ ಮುಗಿಯಿತು ಅಂದುಕೊಂಡು ಅಲ್ಲಿಗೇ ನಿಲ್ಲಿಸುವವರು ಬಹಳ. ನಾನೂ ನಿಲ್ಲಿಸಿದ್ದೆ.

ಆಮೇಲೆ ಗೆಟ್ಟಿ ಬಾಯಿಯೇ ಬಿಡಲಿಲ್ಲ. ಲಾಗಿನ್ ಕೇಳುವ ಪ್ರೋಗ್ರಾಂ ಪೋರ್ಟನ್ನು ತೆರೆಯಲು ಹೋಗಿ ಅಲ್ಲೇ ಕೂತಿತ್ತು. ಕಾರಣ, 8ನೇ ಪಿನ್ನಿನಲ್ಲಿ ಕ್ಯಾರಿಯರ್ ಸಿಗ್ನಲ್ (ಆ ಕಡೆ ಯಾರೋ ಇದ್ದಾರೆ ಅನ್ನುವ ಗುರುತು) ಬರುವ ತನಕ ಕರ್ನಲ್ ಪೋರ್ಟ್ ತೆರೆಯಲು ಬಿಡುವುದಿಲ್ಲ. ಆ ಕಡೆಯ 'ನಾನು ಸಿದ್ಧ' ಅನ್ನುವ 20ನೇ ಪಿನ್ನನ್ನು ಈ ಕಡೆಯ 6 ಮತ್ತು 8ಕ್ಕೆ, ಈ ಕಡೆಯದನ್ನು ಆ ಕಡೆಗೆ ಕೊಟ್ಟ ಮೇಲೆ ಎಚ್ಚರವಾಯಿತು. ಹೆಸರು ಗೆಟ್ಟಿ, ಹಠದಲ್ಲೂ ಗಟ್ಟಿ.

ಇನ್ನೊಂದು ಮಾತು. ಒಂದೇ ಕೇಬಲ್ಲಿನ ಎರಡೂ ತುದಿಯಲ್ಲಿ ಗೆಟ್ಟಿ ಓಡಿಸಬೇಡಿ. ಒಂದು "ಲಾಗಿನ್" ಅನ್ನುತ್ತದೆ. ಇನ್ನೊಂದು ಅದನ್ನೇ ಯಾರದೋ ಹೆಸರು ಅಂದುಕೊಂಡು "ಪಾಸ್‌ವರ್ಡ್" ಕೇಳುತ್ತದೆ. ಅದಕ್ಕೆ ಇದು ಇನ್ನೇನೋ ಹೇಳುತ್ತದೆ. ಇಡೀ ರಾತ್ರಿ ಹೀಗೇ ನಡೆದು ಬೆಳಗ್ಗೆ ಲಾಗ್ ಫೈಲ್ ಡಿಸ್ಕ್ ತುಂಬಾ ಹರಡಿರುತ್ತದೆ. ಒಂದು ತುದಿ ಕರೆಯಲಿ, ಇನ್ನೊಂದು ಉತ್ತರಿಸಲಿ. ಎರಡೂ ಕಡೆಯಿಂದ ಕರೆಯಬೇಕು ಅಂದರೆ ಯುಯುಗೆಟ್ಟಿ ಬಳಸಿ. ಅದು ಲಾಕ್ ಫೈಲ್ ನೋಡಿಕೊಂಡು, ಸಾಲು (ಲೈನ್) ಬಿಡುವಾಗಿದೆಯಾ ಇಲ್ಲವಾ ತಿಳಿದು ನಡೆದುಕೊಳ್ಳುತ್ತದೆ.

ಸಿಯು, ಟಿಪ್, ಕರ್ಮಿಟ್

ಎಲ್ಲಕ್ಕಿಂತ ಸರಳ ಇದೇ. ಸಿಯು ಅಂದರೆ ಬರೀ ಒಂದು ಕೊಳವೆ. ನೀವು ಒತ್ತಿದ ಅಕ್ಷರ ಆ ಕಡೆ ಹೋಗುತ್ತದೆ, ಆ ಕಡೆಯದು ನಿಮ್ಮ ಪರದೆಗೆ ಬರುತ್ತದೆ. ಟಿಲ್ಡೆ ಒತ್ತಿ ಚುಕ್ಕಿ ಒತ್ತಿದರೆ ಸಂಪರ್ಕ ಮುಗಿಯಿತು. ಬಿಎಸ್‌ಡಿಯಲ್ಲಿ ಇದರ ತಮ್ಮ ಟಿಪ್ ಇದೆ. ಸಾಲುಗಳ ವಿವರವನ್ನೆಲ್ಲ ಅದು ರಿಮೋಟ್ ಎಂಬ ಫೈಲಿನಲ್ಲಿ ಇಟ್ಟುಕೊಳ್ಳುತ್ತದೆ.

ಸಿಯುನಲ್ಲಿ ಫೈಲ್ ಕಳಿಸಲು ಪುಟ್, ತರಿಸಲು ಟೇಕ್ ಅಂತ ಎರಡು ಆಜ್ಞೆಗಳಿವೆ. ಸಣ್ಣ ಪಠ್ಯಕ್ಕೆ ಸಾಕು. ಆದರೆ ದಾರಿಯಲ್ಲಿ ಒಂದು ಅಕ್ಷರ ಬಿದ್ದುಹೋದರೆ ಕೇಳುವವರೇ ಇಲ್ಲ. ಸಿ ಪ್ರೋಗ್ರಾಮಿನಲ್ಲಿ ಒಂದು ಅರ್ಧವಿರಾಮ ಮಾಯವಾದರೆ ಕಂಪೈಲರ್ ಬೈದು ಹೇಳುತ್ತದೆ. ಅಂಕಿಯೊಂದು ಮಾಯವಾದರೆ ಅದೂ ಹೇಳುವುದಿಲ್ಲ.

ಈ ಕೊರತೆ ತುಂಬಲು ಕರ್ಮಿಟ್ ಇದೆ. 1981ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು. ಫೈಲನ್ನು 94 ಅಕ್ಷರ ಮೀರದ ಪ್ಯಾಕೆಟ್ಟುಗಳಾಗಿ ಕತ್ತರಿಸಿ, ಪ್ರತಿಯೊಂದನ್ನೂ ಪರೀಕ್ಷಿಸಿ, ಕೆಟ್ಟಿದ್ದನ್ನು ಮತ್ತೆ ಕಳಿಸುತ್ತದೆ. ಏಳೇ ಬಿಟ್ ದಾಟುವ ಸಾಲಿನಲ್ಲೂ ಅದಕ್ಕೆ ಚಿಂತೆಯಿಲ್ಲ, ಎಂಟನೆಯದನ್ನು ಒಂದು ಗುರುತಿನ ಜೊತೆ ಬೇರೆಯಾಗಿ ದಾಟಿಸುತ್ತದೆ. ನಿಧಾನ ಹೌದು. ಆದರೆ ನನಗೆ ಗೊತ್ತಿರುವ ಮಟ್ಟಿಗೆ ಇಷ್ಟು ಹಾಳಾದ ಸಾಲಿನಲ್ಲಿ ಇಷ್ಟು ಸಮಾಧಾನವಾಗಿ ಕೆಲಸ ಮಾಡುವುದು ಇನ್ನೊಂದಿಲ್ಲ. ಆ ಕಡೆ ಕರ್ಮಿಟ್ ಇಲ್ಲದಿದ್ದರೆ ಅದರ ಸೋರ್ಸನ್ನು ಸಿಯು ಮೂಲಕವೇ ತಳ್ಳಿ ಅಲ್ಲೇ ಕಂಪೈಲ್ ಮಾಡಬಹುದು. ಹಿಂದೆ ಜನ ಮಾಡುತ್ತಿದ್ದದ್ದೂ ಹಾಗೇ.

ಇವುಗಳ ಮಿತಿ ಒಂದೇ: ನೀವು ಎದುರಿಗೆ ಕೂತಿರಬೇಕು.

ಯುಯುಸಿಪಿ

ಕೂತಿರಲು ಪುರುಸೊತ್ತಿಲ್ಲದವರಿಗೆ ಇದು. ಬೆಲ್ ಲ್ಯಾಬ್ಸ್‌ನಲ್ಲಿ ಮೈಕ್ ಲೆಸ್ಕ್ ಬರೆದದ್ದು, ವರ್ಷನ್ 7ರ ಜೊತೆ ಎಲ್ಲೆಡೆ ಹಬ್ಬಿದ್ದು. ನೀವು ಫೈಲ್ ಕಳಿಸು ಅನ್ನುತ್ತೀರಿ, ಅದು ಸ್ಪೂಲ್ ಡೈರೆಕ್ಟರಿಯಲ್ಲಿ ಚೀಟಿ ಬರೆದಿಡುತ್ತದೆ. ನಿಮ್ಮ ಕೆಲಸ ಅಲ್ಲಿಗೆ ಮುಗಿಯಿತು. ಸಮಯ ಬಂದಾಗ ಯುಯುಸಿಐಕೋ ಎಂಬ ಪ್ರೋಗ್ರಾಂ ಆ ಕಡೆಗೆ ಕರೆ ಮಾಡಿ, ಎಲ್ಲರಂತೆ ಲಾಗಿನ್ ಆಗಿ, ಕಾಯುತ್ತಿರುವುದನ್ನೆಲ್ಲ ಸಾಗಿಸಿ, ಅಲ್ಲಿರುವುದನ್ನು ತಂದು ಫೋನ್ ಇಡುತ್ತದೆ. ಡ್ಯೂಕ್ ಮತ್ತು ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯಗಳ ನಡುವೆ ಯೂಸ್‌ನೆಟ್ ಎಂಬ ಚರ್ಚಾಜಾಲ ಶುರುವಾದದ್ದು ಇದರ ಹೆಗಲ ಮೇಲೆ.

ಸೆಟಪ್ ಮಾಡುವ ಮುಂಚೆ ನಿಮ್ಮದು ಯಾವ ಬಗೆಯ ಯುಯುಸಿಪಿ ಅಂತ ತಿಳಿಯಬೇಕು. ವರ್ಷನ್ 7 ಮತ್ತು ಹಳೆಯ ಬಿಎಸ್‌ಡಿಯಲ್ಲಿ ಎಲ್.ಸಿಸ್, ಎಲ್-ಡಿವೈಸಸ್, ಯೂಸರ್‌ಫೈಲ್ ಎಂಬ ಫೈಲುಗಳಿರುತ್ತವೆ. 1983ರಲ್ಲಿ ಪೀಟರ್ ಹನಿಮನ್, ಡೇವಿಡ್ ನೋವಿಟ್ಸ್, ಬ್ರಯನ್ ರೆಡ್‌ಮನ್ ಮೂವರೂ ಸೇರಿ ಇದನ್ನು ಹೊಸದಾಗಿ ಬರೆದರು. ಮೂವರ ಹೆಸರೂ ಸೇರಿ ಅದು ಹನಿಡ್ಯಾನ್‌ಬರ್ ಆಯಿತು. ಅದರಲ್ಲಿ ಸಿಸ್ಟಮ್ಸ್, ಡಿವೈಸಸ್, ಡಯಲರ್ಸ್, ಪರ್ಮಿಷನ್ಸ್ ಎಂಬ ಫೈಲುಗಳು. ಆಯ್ಕೆ ನಿಮ್ಮ ಕೈಯಲ್ಲಿದ್ದರೆ ಎರಡನೆಯದನ್ನೇ ಹಿಡಿಯಿರಿ. ಮೊದಲನೆಯದು ಹೊರಗಿನವರಿಗೆ ತೀರಾ ಸಲುಗೆ ಕೊಡುತ್ತದೆ. ಹನಿಡ್ಯಾನ್‌ಬರ್ ನೀವು ಹೇಳಿದಷ್ಟೇ ಬಿಡುತ್ತದೆ. ಈಚಿನ ಯಂತ್ರವೊಂದು ಜೊತೆಗಿದ್ದರೆ ಅದರಲ್ಲಿ ಟೇಲರ್ ಯುಯುಸಿಪಿ ಹಾಕಿ. ಅದು ಹಳೆಯ ಎರಡೂ ಬಗೆಯ ಫೈಲುಗಳನ್ನು ಓದಬಲ್ಲದು.

ಒಂದು ಸಾಲನ್ನು ಹತ್ತಿರದಿಂದ ನೋಡೋಣ. ಸಿಸ್ಟಮ್ಸ್ ಫೈಲಿನಲ್ಲಿ ಒಂದು ಯಂತ್ರಕ್ಕೆ ಒಂದು ಸಾಲು. ಮೊದಲು ಆ ಕಡೆಯ ಹೆಸರು. ಹಳೆಯದರಲ್ಲಿ ಮೊದಲ ಏಳು ಅಕ್ಷರ ಮಾತ್ರ ಲೆಕ್ಕಕ್ಕೆ, ಹಾಗಾಗಿ ಹೆಸರು ಚಿಕ್ಕದಿರಲಿ. ಆಮೇಲೆ ಕರೆ ಮಾಡಬಹುದಾದ ಹೊತ್ತು. 'ಎನಿ' ಅಂದರೆ ಯಾವಾಗ ಬೇಕಾದರೂ. ಅದರ ಜೊತೆ 2300-0700 ಅಂತ ಬರೆದರೆ ರಾತ್ರಿ ಹನ್ನೊಂದರಿಂದ ಬೆಳಗ್ಗೆ ಏಳರವರೆಗೆ ಮಾತ್ರ. ಫೋನ್ ದರ ರಾತ್ರಿ ಕಮ್ಮಿ ಇದ್ದ ಕಾಲದ ಜಾಣತನ ಅದು. ಆಮೇಲೆ ಸಾಧನ, ವೇಗ, ಫೋನ್ ನಂಬರ್. ಕೊನೆಗೆ ಚಾಟ್ ಸ್ಕ್ರಿಪ್ಟ್: ಏನು ಕಂಡರೆ ಏನು ಕಳಿಸಬೇಕು ಅನ್ನುವ ಜೋಡಿಗಳು.

ಆ ಸ್ಕ್ರಿಪ್ಟಿನಲ್ಲಿ 'ಲಾಗಿನ್' ಅಂತ ಪೂರ್ತಿ ಬರೆಯದೆ ಮೊದಲ ಅಕ್ಷರ ಬಿಟ್ಟು 'ಓಗಿನ್' ಅಂತ ಬರೆದಿರುತ್ತಾರೆ. ಮೊದಲ ಸಲ ನೋಡಿದವರು ಇದನ್ನು ತಪ್ಪು ಅಂದುಕೊಂಡು ತಿದ್ದುತ್ತಾರೆ! ಮೊದಲ ಅಕ್ಷರ ಕೆಲವು ಕಡೆ ದೊಡ್ಡದು, ಕೆಲವು ಕಡೆ ಚಿಕ್ಕದು. ಕೆಲವು ಸಲ ಸಾಲಿನ ಗದ್ದಲದಲ್ಲಿ ಕಳೆದೇ ಹೋಗುತ್ತದೆ. ಉಳಿದದ್ದು ಸಿಕ್ಕರೆ ಸಾಕು ಅಂತ ಹಾಗೆ ಬರೆಯುವುದು.

ಕರೆಯುವ ಪ್ರೋಗ್ರಾಮಿಗೆ ಡೀಬಗ್ ಆಯ್ಕೆ ಕೊಟ್ಟು ಓಡಿಸಿ. ಆ ಕಡೆಯಿಂದ 'ಎಸ್-ಹಿಯರ್' ಅನ್ನುವ ಪದ ಬಂದರೆ ಲಾಗಿನ್ ದಾಟಿತು ಅಂತ ಅರ್ಥ. 'ಆರ್-ಓಕೆ' ಬಂದರೆ ನಿಮ್ಮನ್ನು ಗುರುತಿಸಿತು. ಅಲ್ಲಿಂದ ಮುಂದೆ ಎರಡೂ ಸೇರಿ ಒಂದು ಪ್ರೋಟೋಕಾಲ್ ಆರಿಸಿಕೊಳ್ಳುತ್ತವೆ. ಸೀರಿಯಲ್ ಸಾಲಿಗೆ ಸಾಮಾನ್ಯವಾಗಿ ಜಿ. ಅದು 64 ಬೈಟಿನ ಪ್ಯಾಕೆಟ್ಟಿಗೆ 6 ಬೈಟಿನ ತಲೆ (ಹೆಡರ್) ಸೇರಿಸಿ ಕಳಿಸುತ್ತದೆ, ತಪ್ಪಿದ್ದನ್ನು ಮತ್ತೆ ಕೇಳುತ್ತದೆ. ಜಿಗೆ ಎಂಟೂ ಬಿಟ್ ಬೇಕು. ಎಕ್ಸಾನ್-ಎಕ್ಸಾಫ್ ('ನಿಲ್ಲಿಸು', 'ಮುಂದುವರಿಸು' ಅನ್ನುವ ಎರಡು ಅಕ್ಷರ) ಹಿಡಿತ ಇರುವ ಸಾಲಿನಲ್ಲಿ ಅದು ಸಿಕ್ಕಿಹಾಕಿಕೊಳ್ಳುತ್ತದೆ. ಲಾಗಿನ್ ಸರಿಯಾಗಿ ಆಗಿ ಆಮೇಲೆ ಎಲ್ಲ ಸ್ತಬ್ಧವಾದರೆ ಮೊದಲು ಇದನ್ನೇ ಅನುಮಾನಿಸಿ.

ಒಂದು ಕರೆ ವಿಫಲವಾದ ಮೇಲೆ ಎಲ್ಲ ಸರಿಪಡಿಸಿ ಮತ್ತೆ ಪ್ರಯತ್ನಿಸಿದರೂ ಏನೂ ಆಗುವುದಿಲ್ಲ. ಗಾಬರಿ ಬೇಡ. ಸೋತ ಕರೆಯನ್ನು ನೆನಪಿಟ್ಟುಕೊಂಡು, ಮತ್ತೆ ಕರೆಯುವ ಹೊತ್ತು ಇನ್ನೂ ಬಂದಿಲ್ಲ ಅಂತ ಅದು ಸುಮ್ಮನಿರುತ್ತದೆ. ಆ ಸ್ಟೇಟಸ್ ಫೈಲ್ ಅಳಿಸಿದರೆ ಸರಿಹೋಗುತ್ತದೆ.

ವೇಗದ ಲೆಕ್ಕ ಹೀಗಿದೆ. 1200 ಬಿಪಿಎಸ್ (ಸೆಕೆಂಡಿಗೆ ಇಷ್ಟು ಬಿಟ್) ಅಂದರೆ ಸೆಕೆಂಡಿಗೆ ಸುಮಾರು 120 ಬೈಟ್. 100 ಕಿಲೋಬೈಟಿನ ಫೈಲಿಗೆ ಹದಿನಾಲ್ಕು ನಿಮಿಷ, ಪ್ಯಾಕೆಟ್ ತಲೆಗಳ ಭಾರ ಸೇರಿಸಿ ಹದಿನೈದರ ಮೇಲೆ. 9600ರ ನೇರ ಕೇಬಲ್ಲಿನಲ್ಲಿ ಅದೇ ಫೈಲಿಗೆ ಎರಡು ನಿಮಿಷ. ನೀವು ಮಲಗಿರುವಾಗ ಇದು ನಡೆಯುವುದಾದರೆ ಎರಡಕ್ಕೂ ಏನು ವ್ಯತ್ಯಾಸ?

ಮೋಡೆಮ್ ಬೇಕೇ ಬೇಕಾ?

ಒಂದೇ ಕೋಣೆಯಲ್ಲಿದ್ದರೆ ಬೇಡ. ಡಯಲ್ ಮಾಡುವ ಸದ್ದು ಕೇಳುವ ಆಸೆ ಇದ್ದರೆ ಅದು ಬೇರೆ ಮಾತು, ಆ ಆಸೆ ನನಗೂ ಇದೆ.

ಹೇಯ್ಸ್ ಸ್ಮಾರ್ಟ್‌ಮೋಡೆಮ್ 1981ರಲ್ಲಿ ಬಂದ ಮೇಲೆ ಮೋಡೆಮಿಗೆ ಕೊಡುವ ಅದರ ಎಟಿ ಆಜ್ಞೆಗಳೇ ಎಲ್ಲರ ಭಾಷೆಯಾದವು. ವರ್ಷನ್ 7 ಅದಕ್ಕಿಂತ ಹಳೆಯದು. ಡಯಲ್ ಮಾಡಲು ಬೇರೆಯೇ ಪೆಟ್ಟಿಗೆ ಇದ್ದ ಕಾಲದ್ದು ಅದು, ಎಟಿಡಿಟಿ (ಡಯಲ್ ಮಾಡು) ಅಂದರೆ ಏನಂತ ಅದಕ್ಕೆ ಗೊತ್ತಿಲ್ಲ. ಉಪಾಯ ಸುಲಭ. ಮೋಡೆಮನ್ನು ನೇರ ಸಾಲು ಅಂತ ಬರೆದು, ಡಯಲ್ ಮಾಡುವ ಆಜ್ಞೆಯನ್ನು ಚಾಟ್ ಸ್ಕ್ರಿಪ್ಟಿನ ಮೊದಲಿಗೇ ತುರುಕಿ. ಹನಿಡ್ಯಾನ್‌ಬರ್‌ನಲ್ಲಿ ಇದಕ್ಕೇ ಡಯಲರ್ಸ್ ಫೈಲ್ ಇದೆ.

ಉತ್ತರಿಸುವ ಕಡೆಯ ಮೋಡೆಮಿಗೆ ಎಸ್0=1 ಕೊಟ್ಟರೆ ಮೊದಲ ರಿಂಗಿಗೆ ಎತ್ತುತ್ತದೆ. ಮರೆಯದೆ ಇ0 (ಮರುನುಡಿ ಬೇಡ), ಕ್ಯು1 (ಉತ್ತರ ಬೇಡ) ಕೂಡ ಕೊಡಿ. ಇಲ್ಲದಿದ್ದರೆ ಗೆಟ್ಟಿ ಹೇಳಿದ್ದನ್ನೆಲ್ಲ ಮೋಡೆಮ್ ಅದಕ್ಕೇ ತಿರುಗಿಸಿ ಹೇಳುತ್ತದೆ, ಆಗಲೇ ಹೇಳಿದ ರಾತ್ರಿಯಿಡೀ ಜಗಳ ಮತ್ತೆ ಶುರು.

ದುಡ್ಡು ಸ್ವಲ್ಪ ಹಾಕಬಲ್ಲವರು, ಯುಯುಸಿಪಿಯನ್ನೇ ಜಾಸ್ತಿ ಬಳಸುವವರು ಟೆಲಿಬಿಟ್ ಟ್ರೈಲ್‌ಬ್ಲೇಜರ್ ಜೋಡಿ ಎಲ್ಲಾದರೂ ಸಿಗುತ್ತಾ ನೋಡಿ. ಅದಕ್ಕೆ ಜಿ ಪ್ರೋಟೋಕಾಲ್ ಗೊತ್ತು. ಆ ಕಡೆಯ ಯಂತ್ರದ ಒಪ್ಪಿಗೆಗೆ ಕಾಯದೆ "ತಲುಪಿತು, ಮುಂದಿನದು ಕೊಡು" ಅಂತ ಈ ಕಡೆಯ ಮೋಡೆಮೇ ಹೇಳಿಬಿಡುತ್ತದೆ. ಇದೊಂದು ಒಳ್ಳೆಯ ಸುಳ್ಳು. ತಪ್ಪು ತಿದ್ದುವ ಹೊಣೆಯನ್ನು ಮೋಡೆಮುಗಳು ತಮ್ಮತಮ್ಮಲ್ಲೇ ಹೊತ್ತಿರುತ್ತವೆ.

ಧ್ವನಿಯನ್ನು ಹಿಂಡಿ ಕಳಿಸುವ ಇಂಟರ್ನೆಟ್ ಫೋನ್ ಸಾಲಿನ ಮೇಲೆ ಮೋಡೆಮ್ ನಡೆಸಲು ಹೋಗಬೇಡಿ. ಮಾತಿಗೆ ಸಾಕಾಗುವ ಸಾಲು ಮೋಡೆಮಿಗೆ ಸಾಕಾಗುವುದಿಲ್ಲ.

ಸ್ಲಿಪ್ ಮತ್ತು ಪಿಪಿಪಿ

ಅದೇ ಸೀರಿಯಲ್ ಸಾಲಿನ ಮೇಲೆ ಟೆಲ್ನೆಟ್ (ದೂರದಿಂದ ಲಾಗಿನ್), ಎಫ್‌ಟಿಪಿ (ಫೈಲ್ ಸಾಗಣೆ), ಎಲ್ಲ ಒಟ್ಟಿಗೆ ಬೇಕು ಅನ್ನುವವರಿಗೆ ಇವು. ಸ್ಲಿಪ್ ಎಷ್ಟು ಸರಳ ಅಂದರೆ ಪ್ಯಾಕೆಟ್ ಮುಗಿಯಿತು ಅನ್ನಲು 192 ಎಂಬ ಬೈಟ್, ಪ್ಯಾಕೆಟ್ ಒಳಗೇ ಆ ಬೈಟ್ ಬಂದರೆ ಮರೆಮಾಚಲು 219. ಇಷ್ಟೇ. ತಪ್ಪು ಪತ್ತೆ ಇಲ್ಲ, ವಿಳಾಸ ಹಂಚಿಕೆ ಇಲ್ಲ, ಪಾಸ್‌ವರ್ಡ್ ಇಲ್ಲ. 1988ರಲ್ಲಿ ಇದನ್ನು ಬರೆದಿಟ್ಟ ಇಂಟರ್ನೆಟ್ ದಾಖಲೆ ಆರ್‌ಎಫ್‌ಸಿ 1055ರ ತಲೆಬರಹದಲ್ಲೇ ಇದು ಸ್ಟ್ಯಾಂಡರ್ಡ್ ಅಲ್ಲ ಅಂತ ಇದೆ. ಎರಡೂ ಕಡೆಯ ವಿಳಾಸ ನೀವೇ ಬರೆಯಬೇಕು. ಬಿಎಸ್‌ಡಿಯಲ್ಲಿ ಎಸ್ಎಲ್‌ಅಟ್ಯಾಚ್ ಓಡಿಸಿ, ಇಫ್‌ಕಾನ್ಫಿಗ್‌ನಲ್ಲಿ ಎರಡು ವಿಳಾಸ ಕೊಟ್ಟರೆ ಸಾಲು ಎದ್ದು ನಿಲ್ಲುತ್ತದೆ.

ತೊಂದರೆ ಎಲ್ಲಿದೆ ಅಂತ ಒಂದು ಲೆಕ್ಕದಲ್ಲಿ ನೋಡಿ. ಟೆಲ್ನೆಟ್‌ನಲ್ಲಿ ನೀವು ಒಂದು ಅಕ್ಷರ ಒತ್ತುತ್ತೀರಿ. ಅದರ ಮೇಲೆ ಐಪಿ ಮತ್ತು ಟಿಸಿಪಿ ತಲೆಗಳು 40 ಬೈಟ್. 2400 ಬಿಪಿಎಸ್ ಸಾಲಿನಲ್ಲಿ 41 ಬೈಟ್ ಹೋಗಲು ಸೆಕೆಂಡಿನ ಆರನೇ ಒಂದು ಭಾಗ ಬೇಕು, ಅಕ್ಷರ ತಿರುಗಿ ಬರಲು ಇನ್ನೊಂದಷ್ಟು. ಪ್ರತಿ ಕೀಲಿಗೂ ಮೂರನೇ ಒಂದು ಸೆಕೆಂಡ್ ತಡ. ಅದೇ ಸಾಲಿನಲ್ಲಿ ಸಿಯು ಒಂದೇ ಬೈಟ್ ಕಳಿಸುತ್ತದೆ, ಅಲ್ವಾ? ನಿಧಾನ ಸಾಲಿನಲ್ಲಿ ಬರೀ ಲಾಗಿನ್ ಮಾಡಲು ಸ್ಲಿಪ್ ಹಾಕುವುದು ಶುದ್ಧ ದಂಡ. 1990ರಲ್ಲಿ ವ್ಯಾನ್ ಜೇಕಬ್ಸನ್ ಆ 40 ಬೈಟನ್ನು 3ರಿಂದ 5ಕ್ಕೆ ಇಳಿಸುವ ದಾರಿ ಕೊಟ್ಟರು. ಸಿಸ್ಲಿಪ್ ಅನ್ನುವುದು ಅದಕ್ಕೇ. ಎರಡೂ ಕಡೆ ಅದು ಇದ್ದರೆ ಕಣ್ಣು ಮುಚ್ಚಿ ಹಾಕಿ. ಒಂದು ಕಡೆ ಮಾತ್ರ ಇದ್ದರೆ ಪಿಂಗ್ (ಇದ್ದೀಯಾ ಅಂತ ಕೇಳುವ ಪ್ಯಾಕೆಟ್) ಹೋಗುತ್ತದೆ, ಟೆಲ್ನೆಟ್ ಹೋಗುವುದಿಲ್ಲ. ತಲೆ ಕೆರೆದುಕೊಳ್ಳುವ ಮುಂಚೆ ಇದನ್ನು ನೋಡಿ.

ಪಿಪಿಪಿ ಇವೆಲ್ಲಕ್ಕಿಂತ ಸಭ್ಯ. ಪ್ರತಿ ಪ್ಯಾಕೆಟ್ಟಿಗೂ ತಪ್ಪು ಪತ್ತೆ ಇದೆ, ವಿಳಾಸ ತಾನೇ ಮಾತಾಡಿ ಗೊತ್ತುಮಾಡಿಕೊಳ್ಳುತ್ತದೆ, ಸಾಲು ನುಂಗುವ ಕಂಟ್ರೋಲ್ ಅಕ್ಷರಗಳನ್ನು ತಪ್ಪಿಸುತ್ತದೆ. ಆದರೆ ಆರ್‌ಎಫ್‌ಸಿ 1661 ಬಂದದ್ದು 1994ರಲ್ಲಿ. ಎಂಬತ್ತರ ದಶಕದ ಯಂತ್ರಕ್ಕೆ ಇದನ್ನು ಹುಡುಕುವುದು ಕಷ್ಟ. ಇದ್ದರೆ ಪಿಪಿಪಿ, ಇಲ್ಲದಿದ್ದರೆ ಸಿಸ್ಲಿಪ್, ಅದೂ ಇಲ್ಲದಿದ್ದರೆ ಸ್ಲಿಪ್.

ಈಥರ್‌ನೆಟ್

ಬೋರ್ಡು ಯಂತ್ರದಲ್ಲೇ ಇದ್ದರೆ ಚರ್ಚೆಯೇ ಬೇಡ, ಇದನ್ನೇ ಬಳಸಿ. ತೆಳು ಕೋಆಕ್ಸ್ ಕೇಬಲ್ ಆದರೆ ಎರಡೂ ತುದಿಗೆ 50 ಓಮ್ ಟರ್ಮಿನೇಟರ್ ಇರಲೇಬೇಕು, ಒಂದು ತುಂಡು 185 ಮೀಟರ್ ಮೀರಬಾರದು. ಒಂದು ಟರ್ಮಿನೇಟರ್ ಬಿಚ್ಚಿದರೆ ಇಡೀ ಸಾಲು ಸತ್ತಂತೆ.

4.2 ಬಿಎಸ್‌ಡಿ ಯಂತ್ರವನ್ನು ಹೊಸದರ ಜೊತೆ ಕೂಡಿಸುವಾಗ ಎರಡು ವಿಷಯ ನೋಡಿಕೊಳ್ಳಿ. ಅದು ಬ್ರಾಡ್‌ಕಾಸ್ಟ್ (ಎಲ್ಲ ಯಂತ್ರಗಳಿಗೂ ಒಟ್ಟಿಗೆ ಕಳಿಸುವ) ವಿಳಾಸದ ಕೊನೆಗೆ ಎಲ್ಲ ಸೊನ್ನೆ ಇಡುತ್ತದೆ, ಈಚಿನವು ಎಲ್ಲ ಒಂದು ಇಡುತ್ತವೆ. ನೆಟ್‌ವರ್ಕನ್ನು ಸಣ್ಣ ತುಂಡುಗಳಾಗಿ ಹಂಚುವ ಸಬ್‌ನೆಟ್ ಕೂಡ ಅದಕ್ಕೆ ಗೊತ್ತಿಲ್ಲ. ಇನ್ನು ಬೇರೆ ಯಂತ್ರಕ್ಕೆ ಲಾಗಿನ್ ಆಗುವ ಆರ್‌ಲಾಗಿನ್, ಅಲ್ಲಿ ಆಜ್ಞೆ ಓಡಿಸುವ ಆರ್‌ಎಸ್‌ಎಚ್ ನಂಬಿಕೆಯ ಮೇಲೆ ನಡೆಯುವಂಥವು. ಆ ನಂಬಿಕೆಯನ್ನು 1988ರ ನವೆಂಬರಿನಲ್ಲಿ ಯಂತ್ರದಿಂದ ಯಂತ್ರಕ್ಕೆ ತಾನೇ ಹರಡಿದ ಮಾರಿಸ್ ವರ್ಮ್ ಚೆನ್ನಾಗಿ ಬಳಸಿಕೊಂಡಿತು. ಈ ಯಂತ್ರಗಳನ್ನು ನೇರವಾಗಿ ಇಂಟರ್ನೆಟ್ಟಿಗೆ ಒಡ್ಡಬೇಡಿ.

ಈಥರ್‌ನೆಟ್ ಹಾಕಿದ ಮೇಲೆ ಯುಯುಸಿಪಿ ಬಿಡಬೇಕು ಅಂತೇನಿಲ್ಲ. ಟಿಸಿಪಿ ಮೇಲೆ 540ನೇ ಪೋರ್ಟಿನಲ್ಲಿ ಅದು ನಡೆಯುತ್ತದೆ. ಅಲ್ಲಿ ಜಿ ಬದಲು ಟಿ ಅಥವಾ ಇ ಪ್ರೋಟೋಕಾಲ್ ಸಾಕು, ತಪ್ಪು ತಿದ್ದುವುದನ್ನು ಟಿಸಿಪಿಯೇ ನೋಡಿಕೊಳ್ಳುತ್ತದೆ.

ಯಾರಿಗೆ ಯಾವುದು

ಒಂದು ಸಲ ಒಂದಷ್ಟು ಫೈಲ್ ದಾಟಿಸಿದರೆ ಸಾಕು ಅನ್ನುವವರು ಕೇಬಲ್, ಕರ್ಮಿಟ್ ಎರಡರಲ್ಲೇ ನಿಲ್ಲಿ. ವರ್ಷನ್ 7 ಇದ್ದು ಮೇಲ್ ಓಡಾಡಬೇಕಾದರೆ ಯುಯುಸಿಪಿ, ಬೇರೆ ಯೋಚನೆಯೇ ಬೇಡ. ಎರಡೂ ಬಿಎಸ್‌ಡಿ, ಆದರೆ ಬೋರ್ಡು ಕೊಳ್ಳಲು ಕೈ ಸಾಲದು ಅಂದರೆ 9600 ಅಥವಾ ಅದಕ್ಕೂ ವೇಗದ ನಲ್ ಮೋಡೆಮ್ ಕೇಬಲ್ಲಿನ ಮೇಲೆ ಸಿಸ್ಲಿಪ್. ಫೋನ್ ಸಾಲೇ ನಡುವೆ ಇದ್ದರೆ ಮತ್ತೆ ಯುಯುಸಿಪಿಗೇ ನನ್ನ ಮತ. ಸಾಲು ನಡುವೆ ಕಡಿದರೂ ಅದು ಚೀಟಿ ಇಟ್ಟುಕೊಂಡು ಮತ್ತೆ ಕರೆಯುತ್ತದೆ. ಎಫ್‌ಟಿಪಿ ಅರ್ಧ ಫೈಲ್ ಬಿಟ್ಟು ಎದ್ದು ಹೋಗುತ್ತದೆ.

ಎಮ್ಯುಲೇಟರ್ ಇಟ್ಟುಕೊಂಡವರಿಗೆ ಕೇಬಲ್ಲಿನ ಖರ್ಚೂ ಇಲ್ಲ. ಸಿಮ್ಹ್ ಎಂಬ ಎಮ್ಯುಲೇಟರಿನಲ್ಲಿ ಸೀರಿಯಲ್ ಸಾಲನ್ನು ಟಿಸಿಪಿ ಪೋರ್ಟಿಗೆ ಕಟ್ಟಬಹುದು, ಟಿಸಿಪಿಸರ್ ಎಂಬ ಪ್ರೋಗ್ರಾಂ ನಡುವೆ ಕೂತು ಹೇಯ್ಸ್ ಮೋಡೆಮಿನ ವೇಷ ಹಾಕುತ್ತದೆ. ಸಾಲು 8 ಬಿಟ್‌ನಲ್ಲಿದೆಯಾ, ನಡುವಿನ ಟೆಲ್ನೆಟ್ ಯಾವುದಾದರೂ ಬೈಟನ್ನು ತನ್ನದು ಅಂದುಕೊಂಡು ನುಂಗುತ್ತಿದೆಯಾ ಅನ್ನುವುದನ್ನು ಮಾತ್ರ ಮೊದಲೇ ನೋಡಿ.

ಸೀರಿಯಲ್ ದಾರಿ ಯಾವುದೇ ಇರಲಿ, ಮೊದಲ ದಿನ ಸಿಯು ಓಡಿಸಿ ಎಂಟರ್ ಒತ್ತಿ. ಆ ಕಡೆಯ ಲಾಗಿನ್ ಕಂಡರೆ ಫೈಲುಗಳನ್ನು ಬರೆಯಲು ಶುರುಮಾಡಿ. ಕಸ ಕಂಡರೆ ವೇಗವೋ ಪ್ಯಾರಿಟಿಯೋ ತಪ್ಪಿದೆ. ಏನೂ ಕಾಣದಿದ್ದರೆ 2, 3ನೇ ಪಿನ್ ಅಡ್ಡವಾಗಿವೆಯಾ ನೋಡಿ. ಸಿಯುವೇ ಉಸಿರೆತ್ತದೆ ನಿಂತರೆ 8ನೇ ಪಿನ್.